ಕೆಸರನ್ನರಸಿ ಖಾನಾಪುರಕ್ಕೆ

ದುರ್ಗಮ ಹಾದಿಯಲ್ಲಿ ಜೀಪು ಓಡಿಸುವ ಹವ್ಯಾಸಿಗಳಿಗೆ ದೂರದ ಲೆಕ್ಕವಿಲ್ಲ. ಬೆಳಗಾವಿಯವರಿಗೆ ಖಾನಾಪುರವು ಸುಮಾರು 26 ಕಿಲೋಮೀಟರು. ಬೆಂಗಳೂರಿನವರಾದರೋ 500 ಕಿಲೋಮೀಟರು ಕ್ರಮಿಸಿ ಬರಬೇಕು. ಜಾಂಬೋಟಿ, ಕಣಕುಂಬಿಗಳ ಕೆಮ್ಮಣ್ಣು ಮಳೆಗಾಲದಲ್ಲಿ ಅವರಿಗೆ ಹಬ್ಬವೇ ಸರಿ. ಸಾಹಸವನ್ನು ನಾವು ಹಳಿಯುವದಿಲ್ಲ. ಆದರೆ ಇದೇ ತಾಲೂಕಿನ ಭೀಮಗಡವು 2011ರಲ್ಲಿ ಅಭಯಾರಣ್ಯವಾಯಿತು. ಅದರೊಳಗಿನ ಹಳ್ಳಿಗಳಿಗೆ ನೆಟ್ಟಗಿನ ರಸ್ತೆ ದೊರೆಯಲಿಲ್ಲ. 2024ರ ಜುಲೈಯಲ್ಲಿ ಆಮಗಾಂವದ ಜನರು ರೋಗಿಯಾದ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು, ಮಳೆಯಲ್ಲಿಯೇ ಕಾಡುದಾರಿ ತುಳಿದರು. ಪಟ್ಟಣಿಗರು ಹಣ ವೆಚ್ಚಮಾಡಿ ಅರಸುವ ಕೆಸರು ಇವರಿಗೆ ದವಾಖಾನೆಯನ್ನು ದೂರಮಾಡಿದೆ! ಸರಕಾರವು ಅರಣ್ಯಕ್ಕೆ ಧಕ್ಕೆಯಾಗದಂತೆ ಒಂದು ಸರ್ವಋತು ಹಾದಿಯನ್ನಾದರೂ ಒದಗಿಸತಕ್ಕದ್ದು. ಹವ್ಯಾಸಿಗಳು ಅಲ್ಲಿಯವರೆಗೆ ಹಳ್ಳಿಗರ ಕಚ್ಚಾ ರಸ್ತೆಯನ್ನು ಗಾಲಿಗಳಿಂದ ಕೊರೆಯದೆ, ಒಪ್ಪಿಗೆಯಿತ್ತ ರೈತರ ಪಾಳುಭೂಮಿಯಲ್ಲಿ ತಮ್ಮ ಆಟವನ್ನು ನಡೆಯಿಸಲಿ.