ಎರವಿನ ಜಡೆಗೆ ಹದವಾದ ಗಂಟು

ಹಬ್ಬಹರಿದಿನಗಳಲ್ಲಿ ಮೊಗ್ಗಿನ ಜಡೆಯನ್ನೂ, ನೃತ್ಯಪ್ರದರ್ಶನಗಳಲ್ಲಿ ಕುಚ್ಚಿನ ಜಡೆಯನ್ನೂ ಧರಿಸುವ ಸಂಪ್ರದಾಯ ಕನ್ನಡಿಗರ ಮನೆಗಳಲ್ಲಿ ಊರು ಬಿಟ್ಟು ಬಂದ ಮೇಲೂ ಉಳಿದುಕೊಂಡಿದೆ. ಆದರೆ ನೀಳವಾದ ಕೇಶರಾಶಿಯನ್ನು ಪ್ರಕೃತಿಯು ಎಲ್ಲರಿಗೂ ಅನುಗ್ರಹಿಸಿರುವುದಿಲ್ಲ. ಆ ಕೊರತೆಯನ್ನು ತುಂಬುವ ಚೌರಿಯನ್ನೇ ಹೈದರಾಬಾದಿನ ತೆಲುಗು ನೆರೆಹೊರೆಯವರು ‘ಸವರಂ’ ಎನ್ನುತ್ತಾರೆ. ಸುಲ್ತಾನ್ ಬಜಾರಿನ ಅಂಗಡಿಗಳಲ್ಲಿ ಚೌರಿ ಕೊಳ್ಳುವ ತಾಯಂದಿರು ಉದ್ದವನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ಅದರ ತುದಿಯನ್ನು ಹೇಗೆ ಮುಗಿಸಬೇಕೆಂದು ಕೇಳುವವರು ವಿರಳ. ಜಡೆ ಬಿಚ್ಚದೆ ನಿಲ್ಲುವುದೂ, ಮಗುವಿನ ತಲೆಯ ಮೇಲೆ ಬೀಳುವ ಭಾರವೂ ಆ ತುದಿಯನ್ನು ಅವಲಂಬಿಸಿವೆ ಎಂಬುದನ್ನು ಮರೆಯಬಾರದು.

ಹೈದರಾಬಾದಿಗೆ ಭಾಗ್ಯನಗರವೆಂಬ ಹೆಸರೂ ಉಂಟಷ್ಟೆ. ಕೊಪ್ಪಳದ ಮಗ್ಗುಲಲ್ಲಿಯೂ ಒಂದು ಭಾಗ್ಯನಗರವಿದೆ. 1956ರವರೆಗೆ ಆ ಸೀಮೆಯೂ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ನೇಕಾರಿಕೆಯೊಂದಿಗೆ ಕೂದಲಿನ ಉದ್ದಿಮೆಗೂ ಅದು ಹೆಸರಾಗಿದೆ. ಅಲ್ಲಿ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕನುಗುಣವಾಗಿ ವಿಂಗಡಿಸಿ ಕಟ್ಟುಗಳನ್ನಾಗಿ ಮಾಡುತ್ತಾರೆ. ಮುಡಿ ಕೊಟ್ಟ ಕೂದಲಿನಲ್ಲಿ ಬುಡ ತುದಿಗಳು ಒಂದೇ ದಿಕ್ಕಿಗಿರುತ್ತವೆ. ಬಾಚಣಿಗೆಯಲ್ಲಿ ಉದುರಿದ ಕೂದಲಿನಲ್ಲಿ ಅವು ಹಿಂದುಮುಂದಾಗಿರುವುದರಿಂದ, ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಪರಸ್ಪರ ತೊಡರಿ ಬೇಗನೆ ಸಿಕ್ಕಾಗುತ್ತದೆ.

ಚೌರಿಯು ನಿಜವಾದ ಕೂದಲಿನದೋ ಕೃತಕ ನಾರಿನದೋ ಎಂಬುದನ್ನು ಮೊದಲು ತಿಳಿಯಬೇಕು. ಒಂದೇ ಒಂದು ಎಳೆಯನ್ನು ತೆಗೆದು, ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟರೆ, ಕೂದಲು ಕಮಟು ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ. ನೈಲಾನಿನಂತಹ ಕೃತಕ ನಾರು ಕರಗಿ ಗಟ್ಟಿ ಮಣಿಯಾಗುತ್ತದೆ.

ಕೂದಲಿನ ಚೌರಿಗೆ ದಾರದ ಸುತ್ತೇ ಶ್ರೇಷ್ಠ. ತುದಿಗೆ ನಾಲ್ಕು ಬೆರಳು ಉಳಿದಿರುವಾಗ ಕುಚ್ಚಿನ ದಾರಗಳನ್ನು ಜಡೆಯ ಮೂರು ಕಾಲುಗಳೊಡನೆ ಸೇರಿಸಿ ಹೆಣೆಯಬೇಕು. ಬಳಿಕ ಹತ್ತಿಯ ಅಥವಾ ರೇಷ್ಮೆಯ ದಾರವನ್ನು ಒತ್ತಾಗಿ ಸುತ್ತಿ, ಎರಡು ಗಂಟು ಹಾಕಿ, ಉಳಿದ ಎಳೆಯನ್ನು ಸುತ್ತಿನೊಳಗೆ ತೂರಿಸಬೇಕು. ಬರಿಯ ರಬ್ಬರ್ ಬ್ಯಾಂಡ್ ಕೂದಲನ್ನು ಕಚ್ಚಿ ತುಂಡರಿಸುತ್ತದೆ.

ಆಫ್ರಿಕಾ ಮೂಲದ ಸ್ತ್ರೀಯರಲ್ಲಿ ರೂಢವಾಗಿರುವ, ಕೃತಕ ನಾರು ಸೇರಿಸಿ ಹೆಣೆಯುವ ಸಣ್ಣ ಜಡೆಗಳು ಈಗ ನಮ್ಮ ನಗರಗಳಿಗೂ ಬಂದಿವೆ. ಅವುಗಳ ತುದಿಯನ್ನು ಬಿಸಿನೀರಿನಲ್ಲಿ ಅದ್ದುವುದುಂಟು. ಕಾವಿಗೆ ಮೆತ್ತಗಾದ ನಾರು ತಣಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬಿಡಿ ಚೌರಿಯಾದರೆ ಈ ಕೆಲಸವನ್ನು ಮೇಜಿನ ಮೇಲೆಯೇ ಮುಗಿಸಿ, ಆರಿದ ನಂತರ ಮುಡಿಗೆ ಸೇರಿಸುವುದು ಕ್ಷೇಮ. ಮಗುವಿನ ಬೆನ್ನ ಹಿಂದೆ ಕುದಿನೀರು ಹಿಡಿಯುವುದು ಅಪಾಯಕರ. ಮೇಣದಬತ್ತಿಯಿಂದ ತುದಿ ಸುಟ್ಟರೆ ಕರಗಿದ ಹನಿ ಚರ್ಮಕ್ಕಂಟಬಹುದು. ಗಟ್ಟಿಯಾದ ಮಣಿ ಕತ್ತನ್ನು ಗೀರಬಹುದು. ಅಕಸ್ಮಾತ್ ಸುಟ್ಟಲ್ಲಿ, ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕೇ ಹೊರತು ಟೂತ್‌ಪೇಸ್ಟ್ ಬಳಿಯಬಾರದು.

ಇನ್ನು ಭಾರದ ವಿಚಾರ. ತುದಿಗೆ ಕಟ್ಟಿದ ಕುಚ್ಚು, ಜಡೆಗಂಟೆಗಳ ತೂಕವೆಲ್ಲ ಕೊನೆಗೆ ಕೂದಲಿನ ಬುಡವನ್ನೇ ಎಳೆಯುತ್ತದೆ. ಸತತ ಎಳೆತದಿಂದ ಕೂದಲು ಉದುರುವ ವ್ಯಾಧಿಯನ್ನು, ಬಿಗಿಯಾಗಿ ಮುಡಿ ಕಟ್ಟುತ್ತಿದ್ದ ಗ್ರೀನ್‌ಲೆಂಡಿನ ಸ್ತ್ರೀಯರಲ್ಲಿ 1907ರಷ್ಟು ಹಿಂದೆಯೇ ಗುರುತಿಸಲಾಗಿತ್ತು. ನೆತ್ತಿಯ ನೋವು, ಬುಡದಲ್ಲಿ ಸಣ್ಣ ಗುಳ್ಳೆಗಳು, ಹಣೆಯಂಚಿನಲ್ಲಿಯೂ ಕಿವಿಯ ಮೇಲ್ಭಾಗದಲ್ಲಿಯೂ ಕೂದಲು ತೆಳುವಾಗುವುದು ಇದರ ಮುನ್ಸೂಚನೆಗಳು. ಆರಂಭದಲ್ಲಿಯೇ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬೆಳೆಯುತ್ತದೆ. ವರ್ಷಗಟ್ಟಲೆ ಅಲಕ್ಷಿಸಿದರೆ ಬುಡವೇ ನಶಿಸಿ ಬೋಳು ಶಾಶ್ವತವಾಗಬಹುದು. ಇಂತಹ ಚಿಹ್ನೆ ಕಂಡೊಡನೆ ಚರ್ಮರೋಗ ತಜ್ಞರನ್ನು ಕಾಣುವುದು ವಿವೇಕ.

ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಒಂದು ಅಡಿ ಕಳೆದುಕೊಂಡರೆ ಮರಳಿ ಗಳಿಸಲು ಎರಡೂವರೆ ವರ್ಷ ಬೇಕು. ಆದುದರಿಂದ ಕುಚ್ಚು ಹಗುರವಾಗಿರಲಿ, ಬುಡದ ಹೆಣಿಗೆ ಸಡಿಲವಾಗಿರಲಿ. ಸಮಾರಂಭ ಮುಗಿದ ರಾತ್ರಿ, ಮಗು ಎಷ್ಟೇ ನಿದ್ದೆಗಣ್ಣಿನಲ್ಲಿದ್ದರೂ, ಚೌರಿಯನ್ನು ಬಿಚ್ಚಿಯೇ ಮಲಗಿಸಬೇಕು. ಎರವಿನ ಸಿರಿಗಾಗಿ ಮೂಲಧನವನ್ನು ಕರಗಿಸಿಕೊಳ್ಳುವುದು ಜಾಣರ ಲಕ್ಷಣವಲ್ಲ.