ಗಾಡಿಯ ಬೆನ್ನುಮೂಳೆ ಹಗುರಾದರೆ ಲಾಭವೆಷ್ಟು?

ಕಳೆದ ಚೌತಿಗೆ ಹದಿನೈದು ದಿನ ಮುಂಚೆ ನಮ್ಮ ನೆರೂಳಿನ ಸೊಸೈಟಿಯ ಹುಡುಗನೊಬ್ಬ ಮೊಬೈಲು ಹಿಡಿದುಕೊಂಡು ಮನೆಗೆ ಬಂದ. ಬೆಳಗಾವಿ ಕಡೆಯವರು. ತಂದೆಯ ಕಾಲದ ಇನ್ನೋವಾ ಈಗ ಅವನ ಕೈಯಲ್ಲಿದೆ.

“ಕಾಕಾ, ಎಂಬತ್ತರ ಮ್ಯಾಲೆ ಹೋದ್ರ ಗಾಡಿ ನಡಗತದ. ಅಲ್ಯೂಮಿನಿಯಂ ಶಾಫ್ಟ್ ಹಾಕಿಸಿದ್ರ ನಡುಕಾನೂ ಹೋಗತದ, ಗಾಡೀನೂ ಹಗುರಾಗಿ ಓಡತದ ಅಂತಾರ. ಹಾಕಸ್ಲೇನು?” ಎಂದು ಕೇಳಿದ.

ಹಬ್ಬಕ್ಕೆಂದು ಕೂಡಿಟ್ಟ ಹಣವನ್ನೇ ಅದಕ್ಕೆ ಸುರಿಯುವ ಸನ್ನಾಹದಲ್ಲಿದ್ದ. ಆ ಗಾಡಿಯಲ್ಲಿ ಊರಿಗೆ ಹೊರಡುವವರು ಹೆಂಡತಿ, ಎರಡು ಮಕ್ಕಳು, ಎಪ್ಪತ್ತು ದಾಟಿದ ತಾಯಿ. ಬದುಕಿನ ಬಹುಭಾಗ ಲೇತಿನ ಮುಂದೆ ನಿಂತವನಾದ್ದರಿಂದ ನನ್ನನ್ನು ಕೇಳಲು ಬಂದಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಇಂಥ ಜಾಹೀರಾತು ನಿಮ್ಮ ಮಕ್ಕಳ ಕಣ್ಣಿಗೂ ಬಿದ್ದಿರಬಹುದು.

ಮೊದಲು ಈ ಶಾಫ್ಟ್ ಎಂದರೇನು? ಎಂಜಿನು ಮುಂದೆ ಇದ್ದು, ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುವುದಾದರೆ, ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸೆಲಿನವರೆಗೆ ಶಕ್ತಿಯನ್ನು ಒಯ್ಯಲು ಉದ್ದನೆಯ ಉಕ್ಕಿನ ಕೊಳವೆಯೊಂದು ಬೇಕು. ಅದೇ ಪ್ರೊಪೆಲ್ಲರ್ ಶಾಫ್ಟ್. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನ ನಡುವೆ ಕೂತವರ ಮೊಣಕಾಲು ಎತ್ತಿಹಿಡಿಯುತ್ತಿದ್ದ ದಿಬ್ಬ ನಿಮಗೆ ನೆನಪಿರಬೇಕು. ಆ ದಿಬ್ಬದ ಕೆಳಗೆ ತಿರುಗುತ್ತಿದ್ದುದು ಇದೇ. ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಯಿಂದ ಮರೆಯಾದವು. ನಮ್ಮ ಬಿಡದಿಯಲ್ಲಿ 2005ರಿಂದ ತಯಾರಾದ ಇನ್ನೋವಾ, 2016ರಲ್ಲಿ ಬಂದ ಕ್ರಿಸ್ಟಾ, ಮತ್ತೆ ಬೊಲೆರೊ, ಓಮ್ನಿ, ಈಕೋ ಇವೆಲ್ಲ ಅದೇ ಜಾತಿಯವು. ಸ್ವಿಫ್ಟಿನಂಥ ಚಿಕ್ಕ ಕಾರುಗಳಲ್ಲಿ ಎಂಜಿನು ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಈ ಕೊಳವೆಯೇ ಇಲ್ಲ. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸಿನಲ್ಲೂ ಇಲ್ಲ. ಅಂಥ ಗಾಡಿಯವರಿಗೆ ಈ ಚಿಂತೆಯೂ ಇಲ್ಲ.

ಇನ್ನು ಅಲ್ಯೂಮಿನಿಯಂ. ಇದು ನಮಗೆ ಪರಕೀಯ ಲೋಹವೇನಲ್ಲ. ಇದರ ಮೂಲವಾದ ಅಲ್ಯೂಮಿನ ಎಂಬ ಬಿಳಿಯ ಹುಡಿಯನ್ನು ಬಾಕ್ಸೈಟ್ ಅದಿರಿನಿಂದ ತೆಗೆಯುವ ಕಾರ್ಖಾನೆ ಬೆಳಗಾವಿಯಲ್ಲಿದೆ. ಲೋಹವನ್ನು ತಗಡಾಗಿ ಉರುಳಿಸುವ ಕಾರ್ಖಾನೆ ನೆರೂಳಿಗೆ ಹತ್ತಿರದ ತಳೋಜೆಯಲ್ಲಿದೆ. ಉಕ್ಕಿನ ತೂಕದ ಮೂರರಲ್ಲೊಂದು ಪಾಲು ಇದರ ತೂಕ. ಹಾಗಾದರೆ ಲಾಭವಲ್ಲವೇ ಎಂದು ಕೇಳಬಹುದು. ಆದರೆ ಇದರ ಬಿಗುವೂ ಉಕ್ಕಿನ ಮೂರರಲ್ಲೊಂದು ಪಾಲೇ. ಜಾಹೀರಾತಿನವರು ಈ ಎರಡನೆಯ ಮಾತನ್ನು ನುಂಗಿಕೊಳ್ಳುತ್ತಾರೆ.

ಹುಡುಗಿಯರು ಹಗ್ಗದಾಟ ಆಡುವಾಗ ನೋಡಿ: ಹಗ್ಗ ತಿರುಗಿದ ಹಾಗೆ ಅದರ ನಡು ಹೊರಕ್ಕೆ ಉಬ್ಬುತ್ತದೆ. ಉದ್ದವಾದ ಶಾಫ್ಟ್ ಕೂಡ ಒಂದು ವೇಗ ಮುಟ್ಟಿದಾಗ ಹೀಗೆಯೇ ನಡುವಿನಲ್ಲಿ ಉಬ್ಬಿ ಕುಣಿಯುತ್ತದೆ. ಆ ವೇಗದಲ್ಲಿ ಓಡಿಸಿದರೆ ಮುರಿದೇ ಹೋಗಬಹುದು. ಈ ಅಪಾಯದ ವೇಗ ಬಿಗುವನ್ನೂ ತೂಕವನ್ನೂ ಕೂಡಿಯೇ ನಿರ್ಧಾರವಾಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಅಪಾಯದ ವೇಗ ಇದ್ದಲ್ಲೇ ಇರುತ್ತದೆ. ಅದನ್ನು ಮೇಲಕ್ಕೇರಿಸಬೇಕಾದರೆ ಕೊಳವೆಯನ್ನು ದಪ್ಪ ಮಾಡಬೇಕು. ದಪ್ಪ ಮಾಡಲು ಗಾಡಿಯ ಅಡಿಯಲ್ಲಿ ಜಾಗ ಬೇಕು. ಅಮೆರಿಕದ ಉದ್ದನೆಯ ಪಿಕ್‌ಅಪ್ ಗಾಡಿಗಳಿಗೆ ಕಾರ್ಖಾನೆಯಿಂದಲೇ ದಪ್ಪ ಅಲ್ಯೂಮಿನಿಯಂ ಶಾಫ್ಟ್ ಬರುವುದುಂಟು. ಅದು ಎಂಜಿನಿಯರು ಕೂತು ಲೆಕ್ಕ ಹಾಕಿದ ಕೆಲಸ, ತಂದು ಸಿಕ್ಕಿಸಿದ್ದಲ್ಲ.

“ಗಾಡಿ ಹಗುರಾಗಿ ಓಡತದ” ಎಂಬ ಮಾತಿಗೆ ಬರೋಣ. ಹುಡುಗನ ಎದುರಿಗೇ ಕಾಗದದ ಮೇಲೆ ಒಂದು ಅಂದಾಜು ಲೆಕ್ಕ ಹಾಕಿ ತೋರಿಸಿದೆ. ಶಾಫ್ಟಿನ ತೂಕ 10 ಕೆ.ಜಿ., ಕೊಳವೆಯ ಅಗಲ 7 ಸೆಂಟಿಮೀಟರು, ಜನ ತುಂಬಿದ ಗಾಡಿಯ ತೂಕ 1800 ಕೆ.ಜಿ. ಎಂದು ಹಿಡಿಯಿರಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಶಾಫ್ಟ್ ನಿಮಿಷಕ್ಕೆ 3000 ಸುತ್ತಿಗೂ ಮೇಲೆ ತಿರುಗುತ್ತದೆ. ಆದರೂ ಅದರ ತಿರುಗಾಟದಲ್ಲಿ ಅಡಗಿದ ಶಕ್ತಿ ಇಡೀ ಗಾಡಿಯ ಓಟದ ಶಕ್ತಿಯ ಸಾವಿರದಲ್ಲೊಂದು ಪಾಲು ಮಾತ್ರ! ಕೊಳವೆ ತೆಳ್ಳಗಿರುವುದೇ ಇದಕ್ಕೆ ಕಾರಣ. ಅದೇ ಒಂದು ಕಿಲೋ ತೂಕವನ್ನು ಟಯರಿನ ಅಂಚಿನಲ್ಲಿ ಕಡಿಮೆ ಮಾಡಿದರೆ ತಿರುಗಾಟದಲ್ಲಿ ಉಳಿಯುವ ಶಕ್ತಿ ಸುಮಾರು ಐದು ಪಾಲು ಹೆಚ್ಚು. ಶಾಫ್ಟಿನ ತೂಕ ಅರ್ಧಕ್ಕಿಳಿದರೆ ಸಿಗುವ ಲಾಭ ಸಾವಿರದಲ್ಲಿ ಅರ್ಧ, ಜೊತೆಗೆ ಗಾಡಿಯಲ್ಲಿ 5 ಕೆ.ಜಿ. ಉಳಿತಾಯ. ಊರಿನಿಂದ ಬರುವಾಗ ಒಂದು ಚೀಲ ಅಕ್ಕಿಯನ್ನು ಅತ್ತೆಯ ಮನೆಯಲ್ಲೇ ಬಿಟ್ಟು ಬಂದರೆ 25 ಕೆ.ಜಿ. ಉಳಿಯುತ್ತದೆ. ಬಿಡುವವರು ಯಾರು ಎಂಬುದು ಬೇರೆ ಮಾತು. ಪಂದ್ಯದಲ್ಲಿ ಓಡುವವರಿಗೆ ಕ್ಷಣದ ನೂರರಲ್ಲೊಂದು ಪಾಲೂ ಬೆಲೆಯುಳ್ಳದ್ದು. ಖಂಬಾಟಕಿ ಘಾಟಿನಲ್ಲಿ ಲಾರಿಯ ಹಿಂದೆ ತೆವಳುವ ನಮಗೆ ಅದರಿಂದೇನು?

ನಮ್ಮ ಊರಿನ ಗಾಳಿಯ ಮಾತೂ ಇದೆ. ನೆರೂಳ ಖಾಡಿಯ ದಂಡೆಯ ಊರು. ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಉಕ್ಕಿಗೆ ತಗುಲಿಕೊಂಡಿದ್ದರೆ ಅಲ್ಯೂಮಿನಿಯಮ್ಮೇ ಮೊದಲು ಸವೆದು ಬಿಳಿಯ ಹುಡಿಯಾಗುತ್ತದೆ. ಮೇಲಾಗಿ ಈ ಲೋಹಕ್ಕೆ ಬೆಸುಗೆ ಹಾಕಿದಲ್ಲಿ ಕಾವಿನಿಂದ ಬಲ ಕುಗ್ಗುತ್ತದೆ. ಬೀದಿಯ ಬೆಸುಗೆಯವನು ಮಾಡಿಕೊಟ್ಟ ಶಾಫ್ಟನ್ನು ಮಕ್ಕಳು ಕೂತ ಗಾಡಿಗೆ ಹಾಕಬಾರದು. ಕಾಯಿದೆಯನ್ನೂ ಮರೆಯುವಂತಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಪಘಾತವಾದ ದಿನ ವಿಮೆಯವರು ಇಂಥದ್ದನ್ನೇ ಹುಡುಕುತ್ತಾರೆ.

“ಹಂಗಾರ ನಡುಕ?” ಎಂದ ಹುಡುಗ. ಅದು ನಿಜವಾದ ಪ್ರಶ್ನೆ.

ಭಾನುವಾರ ಗಾಡಿಯನ್ನು ಪರಿಚಯದ ಮಿಸ್ತ್ರಿಯ ಹತ್ತಿರ ಒಯ್ದೆವು. ಶಾಫ್ಟಿನ ಎರಡು ತುದಿಗಳಲ್ಲೂ ಕ್ರಾಸ್ ಎಂಬ ಕೂಡುಗೀಲು ಇರುತ್ತದೆ. ಗಾಡಿ ಕುಣಿದಂತೆ ಬಾಗಿಕೊಡುವುದು ಅದರ ಕೆಲಸ. ಹಿಂದಿನ ಕ್ರಾಸಿನ ಗ್ರೀಸು ಒಣಗಿ ಅದು ಸವೆದಿತ್ತು. ಕೈಯಲ್ಲಿ ಹಿಡಿದು ತಿರುವಿದರೆ ಟಕ್ ಟಕ್ ಎನ್ನುತ್ತಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಂದಿನ ವರ್ಷ ಬೇರೊಂದು ಗ್ಯಾರೇಜಿನಲ್ಲಿ ಕ್ಲಚ್ಚಿನ ಕೆಲಸಕ್ಕೆ ಶಾಫ್ಟ್ ಬಿಚ್ಚಿದವರು ಗುರುತು ಹಾಕಿಕೊಳ್ಳದೆ ತಿರುವುಮುರುವಾಗಿ ಜೋಡಿಸಿಬಿಟ್ಟಿದ್ದರು. ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಇರದಿದ್ದರೆ ಒಂದು ಕೀಲಿನ ಎಳೆತವನ್ನು ಇನ್ನೊಂದು ಸರಿತೂಗಿಸಲಾರದು, ಗಾಡಿ ನಡುಗುತ್ತದೆ. ಬಿಚ್ಚುವ ಮುಂಚೆ ಸುಣ್ಣದಕಡ್ಡಿಯಲ್ಲಿ ಒಂದು ಗೀಟು ಎಳೆದಿದ್ದರೆ ಸಾಕಾಗಿತ್ತು.

ಹೊಸ ಕ್ರಾಸ್ ಹಾಕಿಸಿ, ಕವಲುಗಳನ್ನು ನೇರಕ್ಕೆ ತಂದು, ಶಾಫ್ಟನ್ನು ಯಂತ್ರದ ಮೇಲೆ ತಿರುಗಿಸಿ ತೂಗು ಸರಿಮಾಡಿಸಿದೆವು. ಜಾಹೀರಾತಿನ ಶಾಫ್ಟಿಗೆ ಕೇಳಿದ್ದ ಹಣದಲ್ಲಿ ಬಹುಪಾಲು ಉಳಿಯಿತು. ಚೌತಿಯ ಮುನ್ನಾದಿನ ಬೆಳಗಿನ ಜಾವ ಹೊರಟವರು ನಿಪ್ಪಾಣಿ ದಾಟಿದ ಮೇಲೆ ಫೋನು ಮಾಡಿದರು. “ಕಾಕಾ, ನೂರಕ್ಕೂ ನಡಗಲಿಲ್ರೀ” ಎಂದ ಹುಡುಗ. ಹಿಂದಿನಿಂದ ಅವನ ತಾಯಿ, “ಅಷ್ಟ್ ಜೋರ್ ಯಾಕ ಹೊಡದಿ?” ಎಂದು ಬಯ್ಯುವುದು ಕೇಳಿಸಿತು.

ತಿರುಗಿ ಬಂದಾಗ ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ, ಒಂದು ಚೀಲ ಜೋಳ. ನಮ್ಮ ಮನೆಗೆ ಒಂದು ಡಬ್ಬಿ ಕುಂದಾ.