ಮದ್ದಿನ ಜೊತೆಗೆ ಮನಸ್ಸಿಗೂ ಆರೈಕೆ

ಹಂಸಭಾವಿಯಂಥ ಊರಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂತೆಂದರೆ ಮನೆಯವರೆಲ್ಲ ಹುಬ್ಬಳ್ಳಿಯ ನವನಗರದ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಅಲೆಯಬೇಕಾಗುತ್ತದೆ. ಗಡ್ಡೆಗೆ ಚಿಕಿತ್ಸೆ ಅಲ್ಲಿ ದೊರೆಯುತ್ತದೆ. ಆದರೆ ರಾತ್ರಿ ನಿದ್ರೆಗೆಡಿಸುವ ಭಯಕ್ಕೆ ಮದ್ದೇನು?

ಮನಸ್ಸು ಹೆದರಿದಾಗ ಎದೆ ಬಡಿತ ಏರುತ್ತದೆ, ಹಸಿವು ಇಂಗುತ್ತದೆ. ಕೀಮೋಥೆರಪಿಯಲ್ಲಿ ಒಮ್ಮೆ ವಾಂತಿಯಿಂದ ಬಳಲಿದವರಿಗೆ ಮುಂದಿನ ಸಲ ಆಸ್ಪತ್ರೆಯ ವಾಸನೆ ಮೂಗಿಗೆ ತಾಕಿದರೂ ಸಾಕು, ಮದ್ದು ಏರುವ ಮುನ್ನವೇ ಹೊಟ್ಟೆ ತೊಳಸಬಹುದು. ಇದು ನಾಟಕವಲ್ಲ, ದೇಹ ಕಲಿತ ಪಾಠ. ಉಸಿರಾಟ, ಧ್ಯಾನ, ಸರಳ ಯೋಗ ಈ ಪಾಠವನ್ನು ಮರೆಸಲು ನೆರವಾಗುತ್ತವೆ.

ಬೆಂಗಳೂರಿನಲ್ಲಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಸ್ತನ ಕ್ಯಾನ್ಸರ್ ಇದ್ದ 62 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕೀಮೋಥೆರಪಿಯ ಜೊತೆಗೆ ಯೋಗ ಮಾಡಿದವರಲ್ಲಿ ವಾಕರಿಕೆ ಕಡಿಮೆಯಿತ್ತು. 2023ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳೂ ರೋಗಿಗಳ ಆತಂಕ, ಖಿನ್ನತೆಗೆ ಧ್ಯಾನದಂಥ ಅಭ್ಯಾಸಗಳನ್ನು ಶಿಫಾರಸು ಮಾಡಿದವು.

ನಮ್ಮ ಜಪಮಾಲೆಯೂ ಇಲ್ಲಿ ನೆನಪಾಗುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲತೀನ್ ಭಾಷೆಯಲ್ಲಿ ಜಪಮಾಲೆ ಹೇಳಿದ ಆರೋಗ್ಯವಂತರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಮಂತ್ರ ಹೇಳಿದಾಗಲೂ ಹಾಗೆಯೇ ಆಯಿತು. ಪ್ರಾರ್ಥನೆಯ ಬೆಲೆ ಉಸಿರಿನ ಲೆಕ್ಕದಲ್ಲಿಲ್ಲ. ಆದರೂ ನಿಧಾನವಾಗಿ ಪ್ರಾರ್ಥಿಸುವಾಗ ದೇಹವೂ ವಿಶ್ರಮಿಸುತ್ತದೆ ಎಂಬುದು ಸಂತೋಷದ ಸಂಗತಿ.

ಆದರೆ ಎಚ್ಚರ! ಇವು ಗಡ್ಡೆಯನ್ನು ಕರಗಿಸುವುದಿಲ್ಲ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಸುಮಾರು 2.5 ಪಟ್ಟು ಹೆಚ್ಚೆಂದು 2018ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಯಾರೇ ಆಗಲಿ "ಇಂಜೆಕ್ಷನ್ ಬೇಡ, ಧ್ಯಾನ ಸಾಕು" ಎಂದರೆ ಕಿವಿಗೊಡಬೇಡಿ. ಕ್ಯಾನ್ಸರ್ ಎಲುಬಿಗೆ ಹರಡಿದ್ದರೆ ಕೆಲವು ಆಸನಗಳಿಂದ ಎಲುಬು ಮುರಿಯಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕೇಳಿ.

"ಧೈರ್ಯವಿದ್ದರೆ ವಾಸಿಯಾಗುತ್ತದೆ" ಎಂಬ ಮಾತೂ ಬೇಡ. ರೋಗ ಹೆಚ್ಚಾದರೆ ತನ್ನ ಮನಸ್ಸೇ ಸೋತಿತೆಂದು ರೋಗಿ ನೊಂದುಕೊಳ್ಳುವರು. ಕ್ಯಾನ್ಸರ್ ಯಾರ ವಿಶ್ವಾಸದ ಕೊರತೆಯೂ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಸಂಜೆ ಟಿ.ವಿ. ಆರಿಸಿ, ರೋಗಿಯ ಬಳಿ ಕುಳಿತುಕೊಳ್ಳಿ. 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ಬಿಡಿ. ಹತ್ತು ನಿಮಿಷ ಜೊತೆಯಾಗಿ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ. ಬಳಿಕ ಅವರು ಮಾತಾಡಬಯಸಿದರೆ ಆಲಿಸಿ, ಅಳಬಯಸಿದರೆ ತಡೆಯಬೇಡಿ. ಮರುದಿನದ ಆಸ್ಪತ್ರೆಯ ಬಸ್ಸನ್ನು ಮಾತ್ರ ತಪ್ಪಿಸಬೇಡಿ.